ಸೂರ್ಯನ ಕುದುರೆ ಸಾಕಲು ಹೊರಟ ಶಿರಗುಪ್ಪಿಯ ಮಕ್ಕಳಿಗೆ

ಶಿರಗುಪ್ಪಿಯ ಮತ್ತು ಸುತ್ತಲಿನ ಹಳ್ಳಿಗಳ, ಹೈಸ್ಕೂಲು ಓದುತ್ತಿರುವ ತಮ್ಮಂದಿರೇ, ತಂಗಿಯರೇ,

ಹೆಸರುಕಾಯಿ ಬಿಡಿಸುವ ಹೊತ್ತಿಗೆ ನಿಮ್ಮ ಎರಿ ಹೊಲಗಳಲ್ಲಿ ಸೂರ್ಯನ ಕುದುರೆಗಳು, ಅಂದರೆ ಮ್ಯಾಂಟಿಸ್‌ಗಳು, ಸಾಕಷ್ಟು ಬೆಳೆದಿರುತ್ತವೆ. ಬುಟ್ಟಿಯ ಅಂಚಿಗೋ ಸೀರೆಯ ಸೆರಗಿಗೋ ಹತ್ತಿಕೊಂಡು ಮನೆಯವರೆಗೂ ಬರುತ್ತವೆ. ಬಂದದ್ದನ್ನು ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಒಂದು ಹಿಡಿ ಹುಲ್ಲು ತುರುಕಿ, ‘ಸಾಕಾಕತ್ತೀನಿ’ ಎನ್ನುವವರು ನಿಮ್ಮಲ್ಲಿ ಬಹಳ ಮಂದಿ. ವಾರ ಕಳೆಯುವುದರೊಳಗೆ ಅದು ಸಾಯುತ್ತದೆ. ಹುಲ್ಲನ್ನು ಮೂಸಿಯೂ ನೋಡದ ಬೇಟೆಗಾರ ಪ್ರಾಣಿಗೆ ಹುಲ್ಲು ಹಾಕಿದರೆ ಇನ್ನೇನಾದೀತು? ಮತ್ತೆ ಕೆಲವರು ಮೊಬೈಲಿನಲ್ಲಿ ಹೂವಿನಂತೆ ಕಾಣುವ ಬಿಳಿ–ಗುಲಾಬಿ ಮ್ಯಾಂಟಿಸ್ ನೋಡಿ, ‘ಇದು ಎಲ್ಲಿ ಸಿಗತೈತ್ರಿ, ಎಷ್ಟಕ್ಕ ಕೊಡ್ತಾರ?’ ಎಂದು ಕೇಳುತ್ತೀರಿ. ಈ ಪತ್ರ ಇಬ್ಬರಿಗೂ.

ಸಾಕಬೇಡಿ ಎನ್ನಲು ಬರೆಯುತ್ತಿಲ್ಲ. ಧಾರಾಳವಾಗಿ ಸಾಕಿರಿ. ನಾಯಿಗಿಂತ ಖರ್ಚು ಕಡಿಮೆ, ಬೆಕ್ಕಿಗಿಂತ ಜಾಗ ಕಡಿಮೆ, ಅವ್ವ ಬೈಯುವಷ್ಟು ಹೊಲಸನ್ನೂ ಮಾಡುವುದಿಲ್ಲ. ಪಂಜರದಲ್ಲಿ ಗಿಳಿ ಇಟ್ಟುಕೊಳ್ಳುವುದಕ್ಕಿಂತಲಂತೂ ಸಾವಿರ ಪಾಲು ಮೇಲು. ನಮ್ಮ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಇದು ಊರಿನ ಎಷ್ಟೋ ಮನೆಗಳಿಗೆ ಇನ್ನೂ ತಿಳಿದ ಹಾಗಿಲ್ಲ. ಸೂರ್ಯನ ಕುದುರೆಗೆ ನನ್ನ ಕರಾರು ಮೂರೇ. ಕೊಳ್ಳಬೇಡಿ, ನಿಮ್ಮ ಬದುವಿನಿಂದ ತನ್ನಿ. ತರುವಾಗ ಒಂದನ್ನೇ ತನ್ನಿ. ಮೂರನೆಯದು ಅದರ ಊಟದ್ದು. ಅದನ್ನು ಸ್ವಲ್ಪ ತಡೆದು ಹೇಳುತ್ತೇನೆ, ಯಾಕೆಂದರೆ ಶಿರಗುಪ್ಪಿಯಂಥ ಹತ್ತಿ–ಮೆಣಸಿನಕಾಯಿಯ ಸೀಮೆಯಲ್ಲಿ ಕೆಲಸ ಕೆಡುವುದು ಅಲ್ಲೇ.

ಕೊಳ್ಳುವ ಮಾತನ್ನು ಬೇಗ ಮುಗಿಸಿಬಿಡೋಣ. ನೀವು ಮೊಬೈಲಿನಲ್ಲಿ ನೋಡಿದ್ದು ಆಗ್ನೇಯ ಏಷ್ಯಾದ ಮಳೆಕಾಡಿನ ಆರ್ಕಿಡ್ ಮ್ಯಾಂಟಿಸ್. ಹೊರದೇಶದಿಂದ ಜೀವಂತ ಕೀಟ ತರಿಸಬೇಕೆಂದರೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಸರ್ಕಾರದ ಪರವಾನಗಿ ಬೇಕು. ಅದಿಲ್ಲದೆ ಅಂಚೆಯಲ್ಲಿ ಬರುವುದೆಲ್ಲ ಕಳ್ಳ ಮಾಲು. ಕಾಯ್ದೆಯನ್ನು ಬದಿಗಿಟ್ಟರೂ ಇನ್ನೊಂದು ಕಾರಣ ಉಳಿಯುತ್ತದೆ. ಅಮೆರಿಕದ ಫಿಲಡೆಲ್ಫಿಯಾ ಊರಿನ ಹತ್ತಿರ 1896ರಲ್ಲಿ ಚೀನಾದ ದೊಡ್ಡ ಮ್ಯಾಂಟಿಸ್ ಮೊದಲು ಕಾಣಿಸಿಕೊಂಡಿತು. ಇವತ್ತು ಅದು ಆ ದೇಶದ ಬಹುಭಾಗದಲ್ಲಿ ಹಬ್ಬಿದೆ. ಸಣ್ಣ ಝೇಂಕಾರದ ಹಕ್ಕಿಗಳನ್ನೂ ಹಿಡಿದು ತಿನ್ನುವಷ್ಟು ಗಟ್ಟಿ ಆಸಾಮಿ. ಕನೆಕ್ಟಿಕಟ್ ಎಂಬ ರಾಜ್ಯವಂತೂ 1977ರಲ್ಲಿ ಯುರೋಪಿನಿಂದ ಬಂದ ಮ್ಯಾಂಟಿಸನ್ನೇ ತನ್ನ ರಾಜ್ಯಕೀಟ ಮಾಡಿಕೊಂಡು ಕೂತಿದೆ! ಡಬ್ಬಿಯಿಂದ ತಪ್ಪಿಸಿಕೊಂಡದ್ದು ಡಬ್ಬಿಗೆ ಮರಳುವುದಿಲ್ಲ. ಬದುವಿನಿಂದ ತಂದದ್ದು ತಪ್ಪಿಸಿಕೊಂಡರೆ ಮರಳಿ ಬದುವಿಗೇ ಹೋಗುತ್ತದೆ, ಅಷ್ಟೇ.

ನಿಮ್ಮಲ್ಲಿ ಇರುವುದಕ್ಕೇನು ಕಡಿಮೆ? ಜಗತ್ತಿನಲ್ಲಿ ಸುಮಾರು 2,400 ಜಾತಿಯ ಮ್ಯಾಂಟಿಸ್‌ಗಳಿವೆ, ನಮ್ಮ ದೇಶದಲ್ಲಿ 150ಕ್ಕೂ ಹೆಚ್ಚು. ಬದುವಿನ ಬೇಲಿಯಲ್ಲಿ, ಜಾಲಿಯ ಕಂಟಿಯಲ್ಲಿ, ಮನೆಯ ಮುಂದಿನ ದಾಸವಾಳದಲ್ಲಿ ಕಾಣುವ ದೊಡ್ಡ ಹಸಿರು ಸೂರ್ಯನ ಕುದುರೆ ಹೈರೊಡ್ಯುಲಾ ಎಂಬ ಕುಲದ್ದು. ಹೆಣ್ಣು ಎಂಟು ಸೆಂಟಿಮೀಟರಿನವರೆಗೆ ಬೆಳೆಯುತ್ತದೆ, ಹಸಿರಿನ ಬದಲು ಕಂದು ಬಣ್ಣದಲ್ಲೂ ಸಿಗುತ್ತದೆ. ಹೊಸದಾಗಿ ಸಾಕುವವರಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಒರಟು, ಹಸಿವು ಜಾಸ್ತಿ, ಎದುರಿಗೆ ಓಡಾಡಿದ್ದನ್ನೆಲ್ಲ ಹಿಡಿಯುತ್ತದೆ. ಚೆಂಡುಹೂವಿನ ಮೇಲೆ, ರೆಕ್ಕೆಯಲ್ಲಿ ಕಣ್ಣಿನಂಥ ಗುರುತು ಇರುವ ಮೂರು–ನಾಲ್ಕು ಸೆಂಟಿಮೀಟರಿನದು ಸಿಕ್ಕರೆ ಅದು ಕ್ರಿಯೊಬ್ರೋಟರ್, ನಮ್ಮದೇ ಹೂ ಮ್ಯಾಂಟಿಸ್. ಅದನ್ನು ನೋಡಿದ ಮೇಲೆ ಆರ್ಕಿಡ್ ಮ್ಯಾಂಟಿಸಿನ ಹಂಬಲ ಅರ್ಧ ಇಳಿಯುತ್ತದೆ. ಬೇವಿನ ಕಾಂಡದ ತೊಗಟೆಯ ಮೇಲೆ ಚಪ್ಪಟೆಯಾಗಿ ಅಂಟಿಕೊಂಡು, ನೀವು ಹತ್ತಿರ ಹೋದರೆ ಏಡಿಯ ವೇಗದಲ್ಲಿ ಆಚೆ ಬದಿಗೆ ಓಡುವುದು ಹಂಬರ್ಟಿಯೆಲ್ಲಾ. ಅದನ್ನು ಹಿಡಿಯಬೇಡಿ. ಡಬ್ಬಿಯಲ್ಲಿ ಅದಕ್ಕೆ ಓಡಲು ಜಾಗವಿರುವುದಿಲ್ಲ.

ಇನ್ನೊಂದಿದೆ, ನೋಡಿದವರು ಮರೆಯುವುದಿಲ್ಲ. ಒಣಗಿದ ಎಲೆಗಳನ್ನು ಕಡ್ಡಿಗೆ ಅಂಟಿಸಿದಂಥ ಮೈ, ಕಡ್ಡಿಯಂಥ ಉದ್ದ ಕತ್ತು, ತೊಡೆಗಳಲ್ಲೂ ಎಲೆಯಂಥ ಚೂರು. ಗಾಳಿ ಬೀಸಿದರೆ ತಾನೂ ತೂಗುತ್ತದೆ. ಗಾಂಗಿಲಸ್ ಎಂದು ಅದರ ಹೆಸರು. 1758ರಲ್ಲಿ ಲಿನೇಯಸ್ ಅದನ್ನು ಪಟ್ಟಿಗೆ ಸೇರಿಸಿದ. ಯುರೋಪಿನ, ಅಮೆರಿಕದ ಸಾಕಣೆಗಾರರು ದುಡ್ಡು ಕೊಟ್ಟು, ಬಿಸಿ ದೀಪ ಹಾಕಿ ಸಾಕುವ ಈ ಜೀವಿ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಒಣ ಕುರುಚಲುಗಳದ್ದು. ಮ್ಯಾಂಟಿಸ್‌ಗಳಲ್ಲಿ ಒಂದನ್ನೊಂದು ತಿನ್ನದೆ ಒಟ್ಟಿಗೆ ಇರಬಲ್ಲ ಅಪರೂಪದ ಜಾತಿಯೂ ಹೌದು. ಆದರೆ ಹಾರುವ ಬೇಟೆಯೇ ಅದಕ್ಕೆ ಬೇಕು. ನೊಣ, ಪತಂಗ ಒದಗಿಸಿ ಸಾಕಾಗುತ್ತದೆ. ಮೊದಲ ವರ್ಷಕ್ಕೆ ಅದು ಬೇಡ. ಕಂಡರೆ ಒಂದು ಫೋಟೊ ತೆಗೆದು ಅಲ್ಲೇ ಬಿಡಿ.

ಎಂಥದ್ದನ್ನು ಹಿಡಿಯಬೇಕು? ರೆಕ್ಕೆ ಪೂರ್ತಿ ಬಂದ ದೊಡ್ಡದನ್ನು ಬಿಡಿ, ಅದರ ಆಯುಷ್ಯ ಮುಗಿಯುತ್ತ ಬಂದಿರುತ್ತದೆ. ಬೆನ್ನ ಮೇಲೆ ರೆಕ್ಕೆಯ ಮೊಗ್ಗು ಮೂಡುತ್ತಿರುವ, ಎರಡು ಮೂರು ಸೆಂಟಿಮೀಟರಿನ ಮರಿ ಒಳ್ಳೆಯದು. ಜುಲೈ–ಆಗಸ್ಟಿನಲ್ಲಿ, ನಾಗರ ಪಂಚಮಿಯ ಹಿಂದೆಮುಂದೆ ಇಂಥವು ಸಿಗುತ್ತವೆ. ಮೊಟ್ಟೆಯ ಗೂಡು ಸಿಕ್ಕರೆ ಆಸೆ ಪಡಬೇಡಿ. ಕಡ್ಡಿಗೆ ಅಂಟಿದ, ಗಟ್ಟಿಯಾದ ನೊರೆಯಂಥ ಕಂದು ಉಂಡೆ ಅದು. ಹೈರೊಡ್ಯುಲಾದ ಒಂದು ಉಂಡೆಯಿಂದ ನೂರಕ್ಕೂ ಮಿಕ್ಕಿ ಮರಿಗಳು ಒಂದೇ ಬೆಳಗ್ಗೆ ದಾರದಲ್ಲಿ ಜೋತುಬೀಳುತ್ತ ಹೊರಬರಬಹುದು. ಇರುವೆ ಗಾತ್ರದ ಆ ನೂರು ಬಾಯಿಗಳಿಗೆ ನೀವು ಏನು ಹಾಕುತ್ತೀರಿ? ಹಾಕದಿದ್ದರೆ ಅವು ಒಂದನ್ನೊಂದು ತಿನ್ನುತ್ತವೆ. ಕೆಲವೊಮ್ಮೆ ಮರಿಗಳ ಬದಲು ಉದ್ದ ಬಾಲದ ಪುಟ್ಟ ಕಣಜಗಳು ಬರುತ್ತವೆ. ಪೊಡಗ್ರಿಯಾನ್ ಎಂಬ ಆ ಕಣಜ ಗೂಡಿನೊಳಕ್ಕೆ ತನ್ನ ಮೊಟ್ಟೆ ಇಳಿಸಿರುತ್ತದೆ, ಅದರ ಮರಿಗಳು ಮ್ಯಾಂಟಿಸಿನ ಮೊಟ್ಟೆಗಳನ್ನು ಒಳಗಿಂದಲೇ ತಿಂದು ಮುಗಿಸಿರುತ್ತವೆ. ದಾಂಡೇಲಿಗೆ ಪ್ರವಾಸ ಹೋದಾಗ ಕಾಡಿನಿಂದ ಹಿಡಿದು ತರುವುದಂತೂ ಬೇಡವೇ ಬೇಡ. ರಕ್ಷಿತ ಅರಣ್ಯದಿಂದ ಹುಳವನ್ನಾಗಲಿ ಎಲೆಯನ್ನಾಗಲಿ ತರುವಂತಿಲ್ಲ.

ಮನೆ ಕಟ್ಟುವ ವಿಷಯಕ್ಕೆ ಬಂದರೆ, ನನಗೆ ಇಂದಿಗೂ ಗುರು ಎನಿಸುವುದು ಫ್ರಾನ್ಸಿನ ಝಾನ್ ಆನ್ರಿ ಫಾಬ್ರ್. ಬಡ ಶಾಲಾ ಮೇಷ್ಟ್ರು. 1879ರಲ್ಲಿ ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ, ಕಲ್ಲು ಮುಳ್ಳಿನ ಒಂದು ತುಂಡು ಭೂಮಿ ಕೊಂಡು, 1915ರಲ್ಲಿ ಸಾಯುವವರೆಗೂ ಅಲ್ಲೇ ಹುಳಗಳನ್ನು ನೋಡುತ್ತ ಕೂತ. ಮ್ಯಾಂಟಿಸ್ ಸಾಕಲು ಅವನು ಬಳಸಿದ್ದು ಊಟದ ಮೇಲೆ ನೊಣ ಕೂರದಂತೆ ಮುಚ್ಚುವ ತಂತಿಯ ಜಾಳಿಗೆ ಮುಚ್ಚಳ. ಕೆಳಗೆ ಮರಳು ತುಂಬಿದ ತಟ್ಟೆ, ಒಳಗೆ ಒಣಗಿದ ಗಿಡದ ಒಂದು ಗೊಂಚಲು, ಮೊಟ್ಟೆ ಇಡಲು ಒಂದು ಚಪ್ಪಟೆ ಕಲ್ಲು. ಇಂಥ ಜಾಳಿಗೆ ಮುಚ್ಚಳ ಹುಬ್ಬಳ್ಳಿಯ ಪಾತ್ರೆ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ. ಸಿಗದಿದ್ದರೆ ಬೇಕರಿಯವರು ಖಾರಾ, ಚಕ್ಕುಲಿ ತುಂಬಿಡುವ ಎತ್ತರದ ಪ್ಲಾಸ್ಟಿಕ್ ಬರಣಿ ಸಾಕು. ಮುಚ್ಚಳ ತೆಗೆದುಹಾಕಿ ಬಾಯಿಗೆ ಜಾಳಿಗೆ ಬಟ್ಟೆ ಬಿಗಿಯಾಗಿ ಕಟ್ಟಬೇಕು. ಸೊಳ್ಳೆಪರದೆಯ ತುಂಡನ್ನು ಕಟ್ಟುವವರು ಒಮ್ಮೆ ವಿಚಾರಿಸಿ: ಆರೋಗ್ಯ ಇಲಾಖೆಯಿಂದ ಕೊಡುವ ಪರದೆಗಳಲ್ಲಿ ಕೀಟನಾಶಕ ಸೇರಿಸಿದವು ಇರುತ್ತವೆ. ಅದನ್ನು ಕಟ್ಟಿದರೆ ಛಾವಣಿಗೇ ವಿಷ ಬಳಿದ ಹಾಗೆ.

ಬರಣಿಯಲ್ಲಿ ನೋಡಬೇಕಾದದ್ದು ಎತ್ತರ. ಹುಳದ ಉದ್ದದ ಮೂರು ಪಟ್ಟು ಎತ್ತರ, ಎರಡು ಪಟ್ಟು ಅಗಲ ಇರಲೇಬೇಕು. ಯಾಕೆ ಎನ್ನುವುದು ಅದು ಪೊರೆ ಬಿಡುವ ರಾತ್ರಿ ಗೊತ್ತಾಗುತ್ತದೆ.

ಹುಟ್ಟಿದಂದಿನಿಂದ ರೆಕ್ಕೆ ಬರುವವರೆಗೆ ಸೂರ್ಯನ ಕುದುರೆ ಆರರಿಂದ ಒಂಬತ್ತು ಸಲ ಪೊರೆ ಬಿಡುತ್ತದೆ. ಮೈ ಬೆಳೆದರೂ ಮೇಲಿನ ಕವಚ ಬೆಳೆಯುವುದಿಲ್ಲ, ಹಾಗಾಗಿ ಅದನ್ನು ಬಿಚ್ಚಲೇಬೇಕು. ಒಂದೆರಡು ದಿನ ಮೊದಲೇ ಊಟ ಬಿಡುತ್ತದೆ. ಎದುರಿಗೆ ನೊಣ ಹೋದರೂ ನೋಡುವುದಿಲ್ಲ, ಮುಟ್ಟಿದರೆ ಹಿಂದೆ ಸರಿಯುತ್ತದೆ. ‘ರೋಗ ಬಂದೈತಿ’ ಎಂದು ನೀವು ಗಾಬರಿಯಾಗಿ ಇನ್ನೆರಡು ಮಿಡತೆ ಒಳಗೆ ಬಿಡುತ್ತೀರಿ. ಅದೇ ದೊಡ್ಡ ಅಪಾಯ. ಹೊಸ ಚರ್ಮದ ಮೆತ್ತನೆಯ ಮ್ಯಾಂಟಿಸನ್ನು ಹಸಿದ ಜೀರುಂಡೆ ಕಡಿದು ತಿನ್ನಬಲ್ಲದು. ಯಾರು ಯಾರ ಊಟ ಎನ್ನುವುದು ಆ ಒಂದು ಗಂಟೆಯಲ್ಲಿ ತಿರುವುಮುರುವಾಗುತ್ತದೆ. ಊಟ ಬಿಟ್ಟಿತೆಂದರೆ ಒಳಗಿನ ಬೇಟೆಯನ್ನೆಲ್ಲ ಹೊರಗೆ ತೆಗೆದು, ಒಂದಿಷ್ಟು ನೀರು ಸಿಂಪಡಿಸಿ, ಬರಣಿ ಅಲುಗದ ಕಡೆ ಇಡಿ.

ಆಮೇಲೆ ಅದು ಮೇಲಿನ ಜಾಳಿಗೆಗೆ ಹಿಂಗಾಲು ಸಿಕ್ಕಿಸಿ ತಲೆಕೆಳಗಾಗಿ ನೇತಾಡುತ್ತದೆ. ಕತ್ತಿನ ಹಿಂದೆ ಚರ್ಮ ಬಿರಿಯುತ್ತದೆ. ಆ ಬಿರುಕಿನಿಂದ ಮೊದಲು ಎದೆ, ಆಮೇಲೆ ತಲೆ, ಆಮೇಲೆ ಗರಗಸದಂಥ ಮುಂಗಾಲು. ಕೂದಲಿನಷ್ಟು ಸಣ್ಣ ಮೀಸೆಯನ್ನೂ ಹಳೆಯ ಮೀಸೆಯೊಳಗಿಂದ ಎಳೆದುಕೊಳ್ಳುತ್ತದೆ. ಬರಿಯ ಭಾರದಿಂದಲೇ ಕೆಳಗೆ ಜಾರಿ, ಹಳೆಯ ಪೊರೆಯ ತುದಿಗೆ ಜೋತು, ಕಾಲು ಗಟ್ಟಿಯಾಗಲಿ ಎಂದು ಕಾಯುತ್ತದೆ. ಅಲ್ಲಿಗೆ ಅದರ ಉದ್ದ ಎರಡು ಪಟ್ಟಿಗಿಂತ ಹೆಚ್ಚಾಗಿರುತ್ತದೆ, ಹಳೆಯ ಪೊರೆ ಒಂದು, ಹೊಸ ಮೈ ಒಂದು. ಕೆಳಗೆ ಅಷ್ಟು ಜಾಗ ಇಲ್ಲದಿದ್ದರೆ ತಲೆ ನೆಲಕ್ಕೆ ತಾಗಿ, ಮೆತ್ತನೆಯ ಕಾಲುಗಳು ಬಾಗಿ, ಬಾಗಿದಂತೆಯೇ ಗಟ್ಟಿಯಾಗುತ್ತವೆ. ಮುಂಗಾಲು ಬಾಗಿದ ಸೂರ್ಯನ ಕುದುರೆ ಬೇಟೆ ಹಿಡಿಯಲಾರದು. ಸಾಕಿದವರ ಕೈಯಲ್ಲಿ ಸಾಯುವ ಮ್ಯಾಂಟಿಸ್‌ಗಳಲ್ಲಿ ಹಲವು ಸಾಯುವುದು ಹೀಗೆ. ‘ಸಹಾಯ ಮಾಡೋಣ’ ಎಂದು ಪೊರೆ ಎಳೆಯಲು ಹೋಗಲೇಬೇಡಿ, ಬರಣಿಯನ್ನು ಎತ್ತಿ ತಂಗಿಗೆ ತೋರಿಸಲೂ ಬೇಡಿ. ಕೊನೆಯ ಪೊರೆಯ ನಂತರ ರೆಕ್ಕೆಗಳು ಸುಕ್ಕುಗಟ್ಟಿದ ತುಂಡುಗಳಿಂದ ನಿಧಾನವಾಗಿ ಉಬ್ಬಿ ಹರಡುತ್ತವೆ. ಅದನ್ನು ನೋಡಲು ಒಂದು ರಾತ್ರಿಯ ನಿದ್ದೆ ಬಿಟ್ಟರೂ ನಷ್ಟವಿಲ್ಲ, ಮರುದಿನ ಶಾಲೆಯಲ್ಲಿ ತೂಕಡಿಸಿದರೆ ನನ್ನ ಹೆಸರು ಹೇಳಬೇಡಿ. ಮರಿಯಾಗಿದ್ದಾಗ ಒಂದು ಕಾಲು ಹೋಗಿದ್ದರೆ ಮುಂದಿನ ಪೊರೆಗಳಲ್ಲಿ ಅದು ಸಣ್ಣದಾಗಿಯಾದರೂ ಮತ್ತೆ ಮೂಡಬಹುದು. ರೆಕ್ಕೆ ಬಂದ ಮೇಲೆ ಆ ಭಾಗ್ಯ ಇಲ್ಲ.

ಈಗ ಆ ಮೂರನೆಯ ಕರಾರು.

ಸೂರ್ಯನ ಕುದುರೆ ಜೀವಂತ, ಅಲುಗಾಡುವ ಬೇಟೆಯನ್ನೇ ಹಿಡಿಯುತ್ತದೆ. ಸಣ್ಣ ಮರಿಗೆ ಹಣ್ಣಿನ ನೊಣ: ಅತಿಯಾಗಿ ಹಣ್ಣಾದ ಬಾಳೆಹಣ್ಣನ್ನು ಬಾಟಲಿಗೆ ಹಾಕಿ ಎರಡು ದಿನ ತೆರೆದಿಟ್ಟು, ನೊಣ ಬಂದು ಮೊಟ್ಟೆಯಿಟ್ಟ ಮೇಲೆ ಬಟ್ಟೆ ಕಟ್ಟಿದರೆ ಸುಮಾರು ಹತ್ತು ದಿನಕ್ಕೆ ಹೊಸ ಪೀಳಿಗೆ ಸಿದ್ಧ. ದೊಡ್ಡದಕ್ಕೆ ನೊಣ, ಪತಂಗ, ಜೀರುಂಡೆ, ಹಸಿರು ಮಿಡತೆ. ಬೇಟೆ ಅದರ ಅರ್ಧದಷ್ಟು ಉದ್ದವಿದ್ದರೆ ಸಾಕು. ಮರಿಗೆ ದಿನ ಬಿಟ್ಟು ದಿನ, ಬೆಳೆದದ್ದಕ್ಕೆ ಎರಡು ಮೂರು ದಿನಕ್ಕೊಮ್ಮೆ; ಹೊಟ್ಟೆ ನೋಡಿಯೇ ಗೊತ್ತಾಗುತ್ತದೆ, ಚಪ್ಪಟೆಯಾಗಿದ್ದರೆ ಹಸಿವು, ಉಬ್ಬಿದ್ದರೆ ಸಾಕು. ಇರುವೆ, ಕಣಜ, ಕಂಬಳಿಹುಳ ಬೇಡ. ಎಕ್ಕೆಗಿಡದ ಮೇಲೆ ಕೂರುವ ನೀಲಿ–ಹಳದಿ ಪಟ್ಟೆಯ ಚೆಂದದ ಮಿಡತೆಯನ್ನು ಮುಟ್ಟಲೇಬೇಡಿ. ಅದು ಎಕ್ಕೆಯ ವಿಷವನ್ನು ತಿಂದು ತನ್ನ ಮೈಯಲ್ಲೇ ಕೂಡಿಟ್ಟುಕೊಂಡಿರುತ್ತದೆ.

ಇಷ್ಟನ್ನು ಯಾವ ಊರಿನ ಮಕ್ಕಳಿಗೂ ಹೇಳಬಹುದು. ಶಿರಗುಪ್ಪಿಯವರಿಗೆ ಇನ್ನೊಂದು ಮಾತು ಹೇಳಬೇಕು. ಫಾಬ್ರ್ ತನ್ನ ಮ್ಯಾಂಟಿಸ್‌ಗಳಿಗೆ ಮಿಡತೆ ಹಿಡಿದು ತರಲು ಊರಿನ ಎರಡು ಮೂರು ಹುಡುಗರನ್ನು ಗೊತ್ತು ಮಾಡಿಕೊಂಡಿದ್ದ. ಕೂಲಿ ಅಂದರೆ ರೊಟ್ಟಿ, ಕರಬೂಜದ ಹೋಳು. ಆ ಹುಡುಗರು ಯಾವ ಹುಲ್ಲಿನಿಂದ ಮಿಡತೆ ತಂದರೂ ನಡೆಯುತ್ತಿತ್ತು. ನೀವು ಹಾಗೆ ತರಲು ಆಗುವುದಿಲ್ಲ, ನಿಮ್ಮ ಹೊಲಗಳಿಗೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುತ್ತಾರೆ. 2002ರಲ್ಲಿ ಬಿಟಿ ಹತ್ತಿ ಬಂದ ಮೇಲೆ ಕಾಯಿಕೊರಕದ ಎಣ್ಣಿ ಕಡಿಮೆಯಾಯಿತೇನೋ ನಿಜ, ರಸ ಹೀರುವ ಹುಳಗಳಿಗೆ ಹೊಡೆಯುವುದು ನಿಲ್ಲಲಿಲ್ಲ. 2021ರಲ್ಲಿ ಮೆಣಸಿನಕಾಯಿಯ ಹೂವಿಗೆ ಹೊರಗಿನಿಂದ ಬಂದ ಹೊಸ ಥ್ರಿಪ್ಸ್ ಮುತ್ತಿದಾಗ ಎಷ್ಟು ಪಂಪು ಎಣ್ಣಿ ಹೋಯಿತು ಎನ್ನುವುದು ನಿಮ್ಮ ಮನೆಯಲ್ಲೇ ಗೊತ್ತಿರುತ್ತದೆ. ಹೆಸರಿಗೆ ಹೂ ಬಿಟ್ಟಾಗ ಒಂದು ಸಲ, ಹಿಂಗಾರಿ ಕಡಲೆಗೆ ಕಾಯಿಕೊರಕ ಬಿದ್ದಾಗ ಇನ್ನೊಂದು ಸಲ. ಮರಿ ತರುವ ಆಗಸ್ಟಿನಿಂದ ಅದು ಮೊಟ್ಟೆಯಿಡುವ ನವೆಂಬರಿನವರೆಗೆ ಸುತ್ತಲ ಯಾವುದಾದರೂ ಒಂದು ಹೊಲದಲ್ಲಿ ಪಂಪು ಓಡುತ್ತಲೇ ಇರುತ್ತದೆ.

ಎಣ್ಣಿ ಬಿದ್ದ ಮಿಡತೆ ಕೂಡಲೇ ಸತ್ತುಹೋದರೆ ತೊಂದರೆ ಇರಲಿಲ್ಲ. ಪೂರ್ತಿ ಪ್ರಮಾಣ ತಾಗದ ಹುಳ ಒಂದೆರಡು ದಿನ ಮಂಕಾಗಿ ಕೂತಿರುತ್ತದೆ. ಹಾರುವುದಿಲ್ಲ, ಜಿಗಿದರೂ ಎರಡು ಗೇಣು. ನೀವು ಹಿಡಿಯುವುದು ಅದನ್ನೇ, ಯಾಕೆಂದರೆ ಕೈಗೆ ಸಿಗುವುದು ಅದೇ. ಚುರುಕಾದ ಮಿಡತೆ ನಿಮ್ಮ ಕೈ ತಪ್ಪಿಸಿಕೊಳ್ಳುತ್ತದೆ, ವಿಷ ತಾಗಿದ್ದು ತಾನಾಗಿ ಮುಷ್ಟಿಗೆ ಬರುತ್ತದೆ. ಹಾಗಾಗಿ ಸುಲಭವಾಗಿ ಸಿಕ್ಕ ಬೇಟೆಯನ್ನು ನಂಬಬೇಡಿ. ಅಂಥದ್ದನ್ನು ತಿಂದ ಸೂರ್ಯನ ಕುದುರೆಯ ಕಾಲು ನಡುಗುತ್ತದೆ, ಹಿಡಿತ ತಪ್ಪಿ ಬೀಳುತ್ತದೆ, ಬಾಯಿಂದ ಕಂದು ನೀರು ಬರುತ್ತದೆ, ಮರುದಿನ ಸತ್ತಿರುತ್ತದೆ. ‘ಹುಳಕ್ಕ ಆಯುಷ್ಯ ಇಷ್ಟ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ.

ಎಣ್ಣಿಯ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರುತ್ತದಲ್ಲ, ಅದನ್ನು ನೋಡಿ ‘ಹಸಿರು ಗುರುತಿನದು ಹೊಡೆದಾರ, ಏನೂ ಆಗೂದಿಲ್ಲ’ ಎನ್ನುವವರಿದ್ದಾರೆ. ಆ ಬಣ್ಣ ಹೇಳುವುದು ಮನುಷ್ಯರಿಗೆ, ದನಕರುಗಳಿಗೆ ಎಷ್ಟು ವಿಷ ಎನ್ನುವುದನ್ನು. ಹುಳಕ್ಕೆ ಎಷ್ಟು ವಿಷ ಎನ್ನುವುದನ್ನು ಅದು ಹೇಳುವುದಿಲ್ಲ. ಹುಳ ಕೊಲ್ಲಲೆಂದೇ ಮಾಡಿದ ಮದ್ದು ಹಸಿರು ತ್ರಿಕೋನದ್ದಾದರೂ ಹುಳವನ್ನು ಕೊಲ್ಲುತ್ತದೆ. ಮಿಡತೆ ಯಾವುದು, ಮ್ಯಾಂಟಿಸ್ ಯಾವುದು ಎಂದು ನೋಡುತ್ತ ಕೂರುವುದಿಲ್ಲ.

ಆದ್ದರಿಂದ ಬೇಟೆ ಎಲ್ಲಿಂದ? ದನದ ಕೊಟ್ಟಿಗೆಯ ಹತ್ತಿರದ ನೊಣ, ತಿಪ್ಪೆಯ ಸುತ್ತಲಿನ ಜೀರುಂಡೆ, ರಾತ್ರಿ ಪಡಸಾಲೆಯ ಲೈಟಿಗೆ ಬರುವ ಪತಂಗ, ಶಾಲೆಯ ಮೈದಾನದ ಹುಲ್ಲಿನ ಮಿಡತೆ. ಬಾಳೆಹಣ್ಣಿನ ಬಾಟಲಿ ಒಂದು ಯಾವಾಗಲೂ ಇರಲಿ. ಹೊಲದಿಂದಲೇ ತರುವುದಾದರೆ ಮೊದಲು ಅಪ್ಪನನ್ನು ಕೇಳಿ, ನಮ್ಮ ಹೊಲಕ್ಕೆ ಎಣ್ಣಿ ಹೊಡೆದದ್ದು ಯಾವಾಗ? ಪಕ್ಕದ ಹೊಲಕ್ಕೆ? ಗಾಳಿ ಯಾವ ಕಡೆಗಿತ್ತು? ಎರಡೂ ಹೊಲಕ್ಕೆ ಮೂರು ವಾರದಿಂದ ಹೊಡೆದಿಲ್ಲ ಎಂದರೆ ಮಾತ್ರ ಹೋಗಿ. ಎಣ್ಣಿಯ ಖಾಲಿ ಡಬ್ಬಿಗಳನ್ನು ನೀವು ಮುಟ್ಟಬೇಡಿ, ಹುಳ ಸಾಕಲು ಅವುಗಳನ್ನು ತೊಳೆದು ಬಳಸುವ ಮಾತಂತೂ ಬಾಯಲ್ಲೂ ಬರಬಾರದು.

ಮನೆಯೊಳಗೂ ಅದೇ ಕಥೆ. ಸೊಳ್ಳೆಬತ್ತಿ, ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆಯ ದ್ರವ, ಇರುವೆಗೆ ಗೆರೆ ಎಳೆಯುವ ಸೀಮೆಸುಣ್ಣ, ಜಿರಳೆಯ ಸ್ಪ್ರೇ, ಇವೆಲ್ಲ ಕೀಟನಾಶಕಗಳೇ. ನೀವು ಮಲಗುವ ಕೋಣೆಯಲ್ಲಿ ಬತ್ತಿ ಹಚ್ಚುವುದಾದರೆ ಬರಣಿ ಅಲ್ಲಿರಬಾರದು. ಇರುವೆಗೆ ಹಳೆಯ ಉಪಾಯವೇ ಸಾಕು: ಬೆಲ್ಲದ ಡಬ್ಬಿ ಇಡುವ ಹಾಗೆ ಬರಣಿಯನ್ನು ನೀರು ಹಾಕಿದ ತಾಟಿನಲ್ಲಿ ಇಡಿ. ಮರಿಯನ್ನು ಕೈಯಲ್ಲಿ ಆಡಿಸುವ ಮೊದಲು ಕೈಗೆ ಸೊಳ್ಳೆಯ ಕ್ರೀಮು ಹಚ್ಚಿಕೊಂಡಿದ್ದೀರಾ ನೋಡಿಕೊಳ್ಳಿ.

ನೀರಿಗೆ ಬಟ್ಟಲು ಬೇಕಿಲ್ಲ. ದಿನಕ್ಕೊಮ್ಮೆ ಜಾಳಿಗೆಯ ಮೇಲೆ ತಿಳಿನೀರು ಸಿಂಪಡಿಸಿದರೆ ಹನಿಗಳನ್ನು ಕುಡಿದುಕೊಳ್ಳುತ್ತದೆ. ಹಿಂಗಾರಿಯ ಒಣಗಾಳಿ ಶುರುವಾದ ಮೇಲೆ ಎರಡು ಸಲ ಬೇಕಾಗಬಹುದು. ಮಳೆಗಾಲದಲ್ಲಿ ಜಾಸ್ತಿ ಮಾಡಿದರೆ ಬೂಸು ಹಿಡಿಯುತ್ತದೆ. ಬಿಸಿಲಲ್ಲಿ ಇಡಬೇಡಿ, ನಮ್ಮ ಕಡೆಯ ಮನೆಯೊಳಗಿನ ಬಿಸುಪೇ ಅದಕ್ಕೆ ಸರಿಯಾಗುತ್ತದೆ.

ಹಿಡಿಯುವಾಗ ಹೊಟ್ಟೆ ಒತ್ತಿ ಎತ್ತಬೇಡಿ. ಅದರ ಮುಂದೆ ಅಂಗೈ ಇಟ್ಟು ಹಿಂದಿನಿಂದ ಮೆಲ್ಲಗೆ ತಾಗಿಸಿದರೆ ತಾನೇ ಹತ್ತುತ್ತದೆ. ವಿಷವಿಲ್ಲ. ಮುಂಗಾಲಿನ ಮುಳ್ಳು ಚುಚ್ಚಿದರೆ ಜಾಲಿಮುಳ್ಳಿನಷ್ಟೂ ನೋಯುವುದಿಲ್ಲ. ಅದು ತಲೆಯನ್ನು ಹೊರಳಿಸಿ ನಿಮ್ಮನ್ನು ನೋಡುತ್ತದೆ. ಕಣ್ಣಿನಲ್ಲಿ ಕಾಣುವ ಕಪ್ಪು ಚುಕ್ಕಿ ನೀವು ಹೋದ ಕಡೆಗೆಲ್ಲ ಹೊರಳುತ್ತದೆ. ಅಲ್ಲಿ ನಿಜಕ್ಕೂ ಪಾಪೆ ಎನ್ನುವುದೇನೂ ಇಲ್ಲ. ಸಾವಿರಾರು ಸಣ್ಣ ಕಣ್ಣುಗಳಲ್ಲಿ ನಿಮ್ಮ ಕಡೆ ನೇರ ಮುಖ ಮಾಡಿದವು ಬೆಳಕನ್ನು ಹಿಂದಕ್ಕೆ ಬಿಡದೆ ನುಂಗುವುದರಿಂದ ಕಪ್ಪಾಗಿ ಕಾಣುತ್ತವೆ. ರಾತ್ರಿ ಕಣ್ಣು ಪೂರ್ತಿ ಕಪ್ಪಾದರೂ ಹೆದರಬೇಡಿ, ಬೆಳಗಾದರೆ ಮತ್ತೆ ಹಸಿರಾಗುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಜೆನ್ನಿ ರೀಡ್ ಮತ್ತು ಸಂಗಡಿಗರು ಮ್ಯಾಂಟಿಸಿನ ಮುಖಕ್ಕೆ ಜೇನುಮೇಣದಿಂದ ಪುಟ್ಟ ಬಣ್ಣದ ಕನ್ನಡಕ ಅಂಟಿಸಿ, ಸಿನಿಮಾದ ಹಾಗೆ ತೆರೆಯ ಮೇಲೆ ಹುಳದ ಚಿತ್ರ ತೋರಿಸಿದರು. ದೂರ ಎಷ್ಟು ಎಂದು ಎರಡು ಕಣ್ಣಿನಿಂದ ಅಳೆಯುವ ವಿದ್ಯೆ ಅದಕ್ಕಿದೆ ಎಂದು 2016ರಲ್ಲಿ ಪ್ರಕಟಿಸಿದರು. ಅದರ ಕಿವಿ ಇನ್ನೂ ಸೋಜಿಗ. ಬಹಳ ಜಾತಿಗಳಿಗೆ ಇರುವುದು ಒಂದೇ ಕಿವಿ, ಎದೆಯ ಕೆಳಗೆ, ಹಿಂಗಾಲುಗಳ ನಡುವಿನ ಗೀರಿನಲ್ಲಿ. ನಮಗೆ ಕೇಳದ ಬಾವಲಿಯ ಕೂಗು ಅದಕ್ಕೆ ಕೇಳುತ್ತದೆ ಎಂದು ಡೇವಿಡ್ ಯೇಗರ್ ಮತ್ತು ರೊನಾಲ್ಡ್ ಹೋಯ್ 1986ರಲ್ಲಿ ತೋರಿಸಿದರು. ಆ ಕಿವಿ ಇರುವುದೇ ಅಂಥ ಕೂಗಿಗೆ; ನಿಮ್ಮ ಕೂಗಾಟಕ್ಕೆ ಅದು ತಲೆಕೆಡಿಸಿಕೊಳ್ಳದಿರಲು ಕಾರಣ ಇದು.

ಗಂಡನ್ನು ಹೆಣ್ಣು ತಿನ್ನುತ್ತದಂತೆ, ಹೌದೇನು ಎಂದು ನೀವೆಲ್ಲ ಮುಸಿಮುಸಿ ನಗುತ್ತ ಕೇಳುತ್ತೀರಿ. ಒಮ್ಮೊಮ್ಮೆ ಹೌದು. ಹೆಣ್ಣು ಹಸಿದಿದ್ದಾಗ ಜಾಸ್ತಿ, ಹೊಟ್ಟೆ ತುಂಬಿದ್ದಾಗ ಕಡಿಮೆ. ಸಣ್ಣ ಪಂಜರದಲ್ಲಿ ಹಸಿದ ಹೆಣ್ಣಿನ ಮುಂದೆ ಗಂಡನ್ನು ಬಿಟ್ಟು ನೋಡಿದವರಿಂದಲೇ ಈ ಕಥೆಗೆ ಇಷ್ಟು ಹೆಸರು ಬಂತು. ಹೊಟ್ಟೆಯ ಅಡಿಯ ಪಟ್ಟಿಗಳನ್ನು ಎಣಿಸಿದರೆ ಬೆಳೆದ ಗಂಡಿಗೆ ಎಂಟು, ಹೆಣ್ಣಿಗೆ ಆರು ಕಾಣುತ್ತವೆ. ಜೋಡಿ ಮಾಡುವ ಸಾಹಸ ಮೊದಲ ವರ್ಷ ಬೇಡ. ಹೆಣ್ಣಿದ್ದರೆ ದಸರೆಯ ಹೊತ್ತಿಗೆ ಸಂಜೆ ಬರಣಿಯನ್ನು ಕಟ್ಟೆಯ ಮೇಲಿಡಿ, ಸುತ್ತಮುತ್ತ ಗಂಡಿದ್ದರೆ ವಾಸನೆ ಹಿಡಿದು ಅದೇ ಬಂದು ಜಾಳಿಗೆಯ ಮೇಲೆ ಕೂತೀತು. ಆಗ ನಿಮ್ಮ ಹೆಣ್ಣನ್ನು ಹೊರಗೆ ಬಿಟ್ಟುಬಿಡಿ, ಮುಂದಿನದು ಅವುಗಳ ಸಂಸಾರ.

ಬದುವಿನಿಂದ ತಂದದ್ದರ ಹೊಟ್ಟೆಯಿಂದ ಒಮ್ಮೊಮ್ಮೆ ಕುದುರೆಯ ಬಾಲದ ಕೂದಲಿನಂಥ ಉದ್ದ ಕಪ್ಪು ಜಂತು ಹೊರಬರುತ್ತದೆ. ಮನುಷ್ಯರಿಗೆ ಅದರಿಂದ ಏನೂ ಇಲ್ಲ. ಹುಳ ಮಾತ್ರ ಸಾಮಾನ್ಯವಾಗಿ ಉಳಿಯುವುದಿಲ್ಲ, ಅದಕ್ಕೆ ನಿಮ್ಮ ತಪ್ಪೂ ಕಾರಣವಲ್ಲ.

ಎಲ್ಲ ಸರಿಹೋದರೂ ಸೂರ್ಯನ ಕುದುರೆಯ ಬಾಳು ಒಂದು ವರ್ಷದೊಳಗಿನದು. ದೀಪಾವಳಿಯ ಆಚೆಗೆ ರೆಕ್ಕೆಯ ಅಂಚು ಹರಿಯುತ್ತದೆ, ಕಾಲಿನ ತುದಿ ಉದುರುತ್ತದೆ, ಹಿಡಿದ ನೊಣ ಕೈ ಜಾರುತ್ತದೆ. ಆ ಹೊತ್ತಿಗೆ ಬರಣಿಯ ಕಡ್ಡಿಗೆ ಅದು ಮೊಟ್ಟೆಯ ಗೂಡು ಇಟ್ಟಿದ್ದರೆ ಕಡ್ಡಿಯ ಸಮೇತ ಒಯ್ದು, ಎಣ್ಣಿ ಬೀಳದ ಬೇಲಿಯಲ್ಲಿ, ಇಟ್ಟ ದಿಕ್ಕಿನಲ್ಲೇ ಕಟ್ಟಿ ಬನ್ನಿ. ಗಂಡಿನ ಜೊತೆ ಸೇರದ ಹೆಣ್ಣೂ ಗೂಡು ಇಡುತ್ತದೆ, ಆದರೆ ಅದರಿಂದ ಮರಿ ಸಾಮಾನ್ಯವಾಗಿ ಬರುವುದಿಲ್ಲ. ‘ರೈತನ ಮಿತ್ರ’ ಎಂದು ಊರತುಂಬ ಗೂಡು ಹಂಚಿದರೆ ಎಣ್ಣಿ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೂರ್ಯನ ಕುದುರೆ ಕಾಯಿಕೊರಕದ ಪತಂಗವನ್ನೂ ತಿನ್ನುತ್ತದೆ, ಹೂವಿಗೆ ಬಂದ ಜೇನುಹುಳವನ್ನೂ ತಿನ್ನುತ್ತದೆ, ಪಕ್ಷ ನೋಡುವುದಿಲ್ಲ. ಕೀಟಗಳ ವಿಷಯದಲ್ಲಿ ಗಟ್ಟಿ ಮಾಹಿತಿ ಬೇಕೆಂದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಅಪ್ಪನ ಜೊತೆ ಹೋಗಿ. ಕೀಟ ಪ್ರದರ್ಶನದ ಸಾಲಿನಲ್ಲಿ ನಿಂತಾಗ ಅಲ್ಲಿನ ವಿದ್ಯಾರ್ಥಿಗಳನ್ನು ಸಂಕೋಚವಿಲ್ಲದೆ ಕೇಳಿ.

ಒಂದು ಕೆಲಸ ಮಾತ್ರ ಮಾಡಿ. ಇನ್ನೂರು ಪುಟದ ಒಂದು ನೋಟ್‌ಬುಕ್ ಇಡಿ. ಹಿಡಿದ ದಿನ, ಹಿಡಿದ ಬೆಳೆ, ಬದು ಯಾರದು, ಎಷ್ಟು ಉದ್ದ, ಯಾವ ದಿನ ಊಟ ಬಿಟ್ಟಿತು, ಯಾವ ದಿನ ಪೊರೆ ಬಿಟ್ಟಿತು, ಬೇಟೆ ಎಲ್ಲಿಂದ ತಂದದ್ದು. ಇವುಗಳ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು, ನಿಮ್ಮ ಹೊಲಕ್ಕೂ ಅಕ್ಕಪಕ್ಕದ ಎರಡು ಹೊಲಗಳಿಗೂ ಎಣ್ಣಿ ಹೊಡೆದ ದಿನ ಮತ್ತು ಎಣ್ಣಿಯ ಹೆಸರನ್ನು ಹಿರಿಯರಿಂದ ಕೇಳಿ ಬರೆಯಿರಿ. ಹತ್ತು ಮನೆಯ ಮಕ್ಕಳು ಒಂದು ಮಳೆಗಾಲ ಹೀಗೆ ಬರೆದರೆ, ಮುಂದಿನ ಮುಂಗಾರಿಗೆ ಎಲ್ಲರೂ ಕೂತು ಪುಟ ತಿರುಗಿಸಿ ನೋಡಿ: ಯಾವ ಬದುವಿನ ಮಿಡತೆ ತಿಂದ ಹುಳ ಉಳಿಯಿತು, ಯಾವುದರದು ಸತ್ತಿತು. ಆ ನೋಟ್‌ಬುಕ್ಕುಗಳನ್ನು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ, ಆಮೇಲೆ ಅಪ್ಪನಿಗೂ ತೋರಿಸಿ.

ನಿಮ್ಮ ಹಿತೈಷಿ,
ಧಾರವಾಡದ ಒಬ್ಬ ಹುಳದ ಹುಚ್ಚ